ಅಮೋಘಪ್ಪ ತಂದ ಐದು ಗಾಲಿ

ಮೋಟಾರು ಎಂದರೆ ನನಗೆ ಮೊದಲಿನಿಂದಲೂ ಆಗಿಬರದು. ನಿಜಾಮರ ಸರ್ಕಾರ ಇದ್ದಾಗ ಕಲಬುರಗಿಯ ಸ್ಟೇಶನ್ ಬಜಾರಿನಲ್ಲಿ ಜಟಕಾ ಹೊಡೆದು ಬದುಕಿದವನು ನಾನು, ಬಂದೇನವಾಜ್. ಆ ಹೊಗೆ ಉಗುಳುವ ಡಬ್ಬಿಗಳು ಬಂದು ನನ್ನ ಹೊಟ್ಟೆಯ ಮೇಲೆ ಹೊಡೆದವು. ಸುಳ್ಳೇಕೆ ಹೇಳಲಿ, ಬಾಯಿತುಂಬ ಬೈದಿದ್ದೇನೆ. ನನ್ನ ನೆರೆಮನೆಯ ಕಮ್ಮಾರ ಅಮೋಘಪ್ಪನಿಗೋ ಅವುಗಳದೇ ಹುಚ್ಚು. ಎತ್ತಿನ ಗಾಡಿಗೆ ಕಬ್ಬಿಣದ ಪಟ್ಟಿ ಕೂಡಿಸುತ್ತಿದ್ದವನು, ಮೋಟಾರಿನ ಉಕ್ಕಿನ ಗಾಲಿ ಕಂಡರೆ ಊಟ ಮರೆಯುತ್ತಿದ್ದ.

"ಹಳ್ಳ ಕಂಡರ ನನ್ನ ಕುದರಿ ನಿಲ್ತದ. ನಿನ್ನ ಮೋಟಾರ ನಿಲ್ತದೇನೋ?" ಎಂದು ಕಾಡುತ್ತಿದ್ದೆ. ಅವನು ನಗುತ್ತಿದ್ದ.

ಕಮಲಾಪುರದ ಬಾಳೆಗೊನೆ ತಂದು ರೈಲಿಗೆ ಹಾಕುವ ಕಲ್ಯಾಣಪ್ಪನ ಸಣ್ಣ ಲಾರಿ ಆಗಲೇ ಮುದುಕಿ. ಮುಂದೆ ಇಬ್ಬರು ಕೂರುವ ಜಾಗ, ಹಿಂದೆ ಹಲಗೆಯ ತೆರೆದ ತೊಟ್ಟಿ. ಗಾಲಿಗಳು ತುಕ್ಕು ಹಿಡಿದು ಅಂಚು ಉದುರುತ್ತಿದ್ದವು. ಹೊಸವು ಹೈದರಾಬಾದಿನಿಂದ ಬರುವವರೆಗೆ ಕಾಯುವಷ್ಟು ವ್ಯವಧಾನ ಅಮೋಘಪ್ಪನಿಗಿರಲಿಲ್ಲ. ಅವನ ಮಗಳು ಶಿವಕಾಂತಮ್ಮ ಕಮಲಾಪುರದ ಗಂಡನ ಮನೆಯಲ್ಲಿ ತುಂಬಿದ ಬಸುರಿ. ಚೊಚ್ಚಲ ಹೆರಿಗೆಗೆ ತವರಿಗೆ ಕರೆತರಬೇಕು, ಎತ್ತಿನ ಗಾಡಿಯ ಕುಲುಕಾಟ ಆಗದು ಎಂದು ಸೂಲಗಿತ್ತಿ ಹೇಳಿಬಿಟ್ಟಿದ್ದಳು.

"ಗಾಲಿ ನೀ ಮಾಡಿಕೊಡು, ಮಗಳನ್ನ ನಾ ತಂದು ಮುಟ್ಟಸ್ತೀನಿ" ಅಂದ ಕಲ್ಯಾಣಪ್ಪ.

ಕಮಲಾಪುರದ ಆಚೆ ಅದೇ ಅಳತೆಯ ಲಾರಿಯೊಂದು ಹಳ್ಳಕ್ಕೆ ಉರುಳಿ ಬಿದ್ದಿತ್ತು. ಯಜಮಾನ ಅದರಡಿಯೇ ಸತ್ತಿದ್ದ. ಮಣ್ಣಲ್ಲಿ ಹೂತಿದ್ದ ಐದು ಗಾಲಿಗಳನ್ನು ಅಮೋಘಪ್ಪ ಕೇಳಿದಾಗ, "ಒಯ್ಯಿರಿ, ನಮ್ಮ ಕಣ್ಣಿಗಿ ಬೀಳದಂಗ ಒಯ್ಯಿರಿ" ಅಂದರಂತೆ ಆ ಮನೆಯವರು.

ಹೆಂಡತಿ ಬಂಡಮ್ಮ ಹೊಸ್ತಿಲಲ್ಲೇ ಅಡ್ಡ ನಿಂತಳು. "ಬಸುರಿ ಬರೋ ಮನಿಗಿ ಸಾವಿನ ಗಾಲಿ ತರ್ತಾರೇನ್ರೀ? ನಿಮಗ ಬುದ್ಧಿ ಅದನೋ ಇಲ್ಲೋ?"

"ಕಬ್ಬಿಣಕ್ಕೇನ್ ಗೊತ್ತದ ಯಾರು ಸತ್ತಾರಂತ? ಸುಮ್ನ ಸರಿ."

ಮರಳು, ಇಟ್ಟಿಗೆಪುಡಿ, ಸೀಮೆಎಣ್ಣೆ ಹಾಕಿ ತುಕ್ಕು ಉಜ್ಜಿದ. ಸೊಟ್ಟಾದ ಅಂಚನ್ನು ಕಾಯಿಸಿ ಬಡಿದು ನೇರ ಮಾಡಿದ. ಕೊನೆಗೆ ಒಂದೊಂದನ್ನೇ ಹಗ್ಗಕ್ಕೆ ತೂಗುಹಾಕಿ ಸುತ್ತಿಗೆಯಿಂದ ತಟ್ಟಿದ. ನಾಲ್ಕು ಗುಡಿಯ ಗಂಟೆಯ ಹಾಗೆ ಠಣ್ ಅಂದವು. ಐದನೆಯದು ಒಡಕು ಗಡಿಗೆಯ ಹಾಗೆ ಡಬ್ ಅಂದಿತು. ನಾನು ಅಲ್ಲೇ ಕೂತು ನೋಡುತ್ತಿದ್ದೆ.

"ಕೇಳಿದ್ಯಾ? ಒಳಗ ಸೀಳ್ಯದ. ಕಣ್ಣಿಗಿ ಕಾಣಂಗಿಲ್ಲ, ಭಾರ ಬಿದ್ದರ ಬಾಯಿ ಬಿಡ್ತದ" ಅಂದ. ಗೋಡೆಗೆ ಬಳಿಯಲು ಕಲಸಿಟ್ಟಿದ್ದ ಸುಣ್ಣದಲ್ಲಿ ಮೂರು ಬೆರಳು ಅದ್ದಿ, ಆ ಗಾಲಿಗೆ ಅಡ್ಡಗೆರೆ ಎಳೆದು ಬೇರೆ ಮೂಲೆಗೆ ಆನಿಸಿಟ್ಟ.

ಮರುದಿನ ಅಮವಾಸ್ಯೆ. ಆಮೇಲೆ ಕೇಳಿ ತಿಳಿದದ್ದು ಇದು: ಅಮೋಘಪ್ಪ ಶಹಾಬಜಾರಿಗೆ ಕೆಲಸಕ್ಕೆ ಹೋದ ಹೊತ್ತಿನಲ್ಲಿ ಬಂಡಮ್ಮ ಆ ಬಿಳಿ ಗೆರೆ ಕಂಡಳು. ಅಂತೂ ಗಂಡನಿಗೆ ಬುದ್ಧಿ ಬಂತು, ಒಂದಕ್ಕಾದರೂ ವಿಭೂತಿ ಹಚ್ಚಿದ್ದಾನೆ ಎಂದು ಹಿಗ್ಗಿದಳು. ಐದನ್ನೂ ಒಂದೇ ಸಾಲಿಗೆ ತಂದು, ಉಳಿದ ನಾಲ್ಕಕ್ಕೂ ವಿಭೂತಿ ಎಳೆದು, ಎಲ್ಲಕ್ಕೂ ಕುಂಕುಮ ಇಟ್ಟು ಕಾಯಿ ಒಡೆದಳು. ಲಾರಿ ಓಡಿಸುವ ದತ್ತಪ್ಪ ಬಂದಾಗ, "ಪೂಜಿ ಆಗ್ಯದ, ನಾಕು ಒಯ್ಯಪ್ಪ" ಅಂದಳು. ಅವನು ಕೈಗೆ ಸಿಕ್ಕ ನಾಲ್ಕನ್ನು ಒಯ್ದು ಲಾರಿಗೆ ಕೂಡಿಸಿ, ಶಿವಕಾಂತಮ್ಮನನ್ನು ಕರೆತರಲು ಕಮಲಾಪುರಕ್ಕೆ ಹೊರಟ.

ಅಮೋಘಪ್ಪ ಮಧ್ಯಾಹ್ನ ಬಂದ. ಉಳಿದಿದ್ದ ಗಾಲಿಯ ಮೇಲಿನ ಬಿಳಿ ಗೆರೆ ನೋಡಿ ನಿಶ್ಚಿಂತೆಯಿಂದ ಒಳಗಿಡಲು ಹೋದವನು ಕುಂಕುಮ ಕಂಡು ನಿಂತ. ಎತ್ತಿ ಹಿಡಿದು ಸುತ್ತಿಗೆಯಿಂದ ತಟ್ಟಿದ. ಠಣ್! ಅಷ್ಟು ಚಂದದ ಸದ್ದು ಕೇಳಿ ಮನುಷ್ಯ ಹಾಗೆ ಬಿಳಿಚಿಕೊಂಡದ್ದನ್ನು ನಾನು ಎಂದೂ ಕಂಡಿಲ್ಲ.

"ಬಂದೇನವಾಜ್, ಜಟಕಾ ಕಟ್ಟೋ! ನನ್ನ ಮಗಳು!"

ಯಾ ಅಲ್ಲಾ, ಆ ದಾರಿ ಮುಗಿಯಲೇ ಇಲ್ಲ. ಎದುರು ಬಂದ ಗಾಡಿಯವರು ನಮ್ಮನ್ನು ನೋಡಿ ತಲೆ ತಗ್ಗಿಸಿ ಹೋಗುತ್ತಿದ್ದರು. ಹೀಗೇಕೆ ಎಂದು ಕೇಳಲು ನಿಲ್ಲದೆ ಕುದುರೆಗೆ ಚಾಟಿ ಎಳೆದೆ. ಒಂದು ಇಳಿಜಾರಿನ ತಿರುವಿನಲ್ಲಿ ರಸ್ತೆ ತುಂಬ ಕೆಂಪು ಬಾಳೆಹಣ್ಣು ಚೆಲ್ಲಿತ್ತು. ಒಂದು ಗಾಲಿ ಸೀಳಿ ಲಾರಿ ಮಗ್ಗುಲಾಗಿ ಬಿದ್ದಿತ್ತು. ಶಿವಕಾಂತಮ್ಮ ಬೇವಿನ ಗಿಡದಡಿ ಹೊಟ್ಟೆ ಹಿಡಿದು ಕೂತಿದ್ದಳು.

"ನಾ ಹುಲ್ಲಿನ ಮ್ಯಾಲ ಬಿದ್ದೆ ಅಪ್ಪಾ. ದತ್ತಪ್ಪಣ್ಣ ಏಳವಲ್ಲ" ಅಂದಳು.

ದತ್ತಪ್ಪ ಏಳಲಿಲ್ಲ.

ಮಗಳನ್ನು ಮನೆಗೆ ತಂದಾಗ ಓಣಿಯೆಲ್ಲ ನೆರೆದಿತ್ತು. ಬಂಡಮ್ಮ ಅವಳನ್ನು ತಬ್ಬಿಕೊಂಡು ಗೋಳೋ ಎಂದು ಅತ್ತಳು. "ನನ್ನ ಪೂಜಿ ಕಾಯ್ತು ನನ್ನವ್ವಾ, ಪೂಜಿ ಕಾಯ್ತು!"

ದತ್ತಪ್ಪನ ಹೆಂಡತಿ ಸಾಬಮ್ಮ ಅಲ್ಲೇ ನಿಂತಿದ್ದಳು. ಅವಳ ಕಣ್ಣಲ್ಲಿ ಹನಿ ನೀರಿರಲಿಲ್ಲ. "ನಿನ್ನ ಮಗಳನ್ನ ಕಾಯ್ದ ಪೂಜಿ ನನ್ನ ಗಂಡನ್ನ ಯಾಕ ಕಾಯಲಿಲ್ಲ ಯಕ್ಕಾ?"

ಅಮೋಘಪ್ಪ ಅವಳ ಮುಂದೆ ಕುಸಿದು ಕೂತ. "ತಪ್ಪು ನಂದದ ತಂಗಿ. ಕೆಟ್ಟ ಗಾಲಿಗಿ ಗುರುತು ಹಾಕಿದ್ದೆ. ಮನ್ಯಾಗ ಒಂದು ಮಾತು ಹೇಳಲಿಲ್ಲ. ಅದು... ಅದು ಅಳಿಸಿ ಹೋಗ್ಯದ."

ಬಂಡಮ್ಮನ ಅಳು ನಿಂತಿತು. ಮಗಳ ಬೆನ್ನ ಮೇಲಿದ್ದ ಕೈ ತೆಗೆದು ಗಂಡನ ಕಡೆ ತಿರುಗಿದಳು.

"ಯಾವ ಗುರುತುರೀ?"