ನಾನು ಉಲ್ಟಾ ಕೂರಿಸಿದ ಬ್ಯಾಟರಿ

ಕೋಲ್ಕತ್ತದ ಅಂಚಿನ ಒಂದು ಸಂಶೋಧನಾ ತೋಟದಲ್ಲಿ ನಾನು ತಾಂತ್ರಿಕ ಸಹಾಯಕ. ಅಲ್ಲಿ ಹುಲ್ಲು ಕತ್ತರಿಸಲು ಆರು ವೋಲ್ಟಿನ ಹಳೆಯ ಟ್ರ್ಯಾಕ್ಟರೊಂದಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ಗುತ್ತಿಗೆಯ ಮೇಲಿದ್ದ ವಯಸ್ಸಾದ ಬಂಗಾಳಿ ಮೆಕ್ಯಾನಿಕ್. ಎಲ್ಲರಂತೆ ನಾನೂ ಅವರನ್ನು ದಾದಾ ಎನ್ನುತ್ತಿದ್ದೆ. ನಾನು ಸೇರಿದ ಹೊಸತರಲ್ಲೇ ಅವರು ಬಂಗಾಳಿ ಬೆರೆತ ಹಿಂದಿಯಲ್ಲಿ ಹೇಳಿದ್ದರು: "ಈಗಿನ ಗಾಡಿಗಳಲ್ಲಿ ಮೈನಸ್ ವೈರು ಚಾಸಿಗೆ, ಅಂದರೆ ಗಾಡಿಯ ಕಬ್ಬಿಣದ ಮೈಗೆ. ಇದರಲ್ಲಿ ಪ್ಲಸ್ ಚಾಸಿಗೆ. ಮರೀಬೇಡಿ ಬಾಬು."

ಮರೆತೆ.

ಹೋದ ವರ್ಷ ದುರ್ಗಾಪೂಜೆಗೆ ಮುಂಚೆ, ಹೆಂಡತಿಯ ಕಣ್ಣಿನ ಆಪರೇಷನ್ನಿಗೆಂದು ದಾದಾ ರಜೆಯಲ್ಲಿದ್ದಾಗ ಹೊಸ ಬ್ಯಾಟರಿ ಬಂತು. ನಾನೇ ಕೂರಿಸಿದೆ, ಮೈನಸ್ಸನ್ನು ಚಾಸಿಗೆ ಕೊಟ್ಟು. ಎಂಜಿನ್ ಎಂದಿನಂತೆಯೇ ಸ್ಟಾರ್ಟ್ ಆಯಿತು. ಸ್ವಲ್ಪ ವೇಗ ಕೊಟ್ಟದ್ದೇ ತಡ, ಚಾರ್ಜ್ ತೋರಿಸುವ ಮುಳ್ಳು ಕೊನೆಗೆ ಹೋಗಿ ಬಡಿಯಿತು. ಡೈನಮೊ ಮತ್ತು ಬ್ಯಾಟರಿ ನಡುವಿನ ಕಟೌಟ್ ಸ್ವಿಚ್ಚು ಅಂಟಿಕೊಂಡು ವೈರಿಂಗ್ ಹೊತ್ತಿಕೊಂಡಿತು. ಮರಳು ಸುರಿದು ಆರಿಸಿದೆ. ತಪ್ಪೇನೆಂದು ಆಗ ಹೊಳೆಯಿತು. ಹೊಗೆಯಲ್ಲೇ ನಿಂತು ವೈರುಗಳನ್ನು ಬಿಚ್ಚಿ, ಇರಬೇಕಾದ ಹಾಗೆ ಬದಲಿಸಿಟ್ಟೆ. ಯಾರೂ ನೋಡಲಿಲ್ಲ.

ದಾದಾ ಬಂದ ಮೇಲೆ ತೋಟದ ಆಫೀಸರ್ ನಮ್ಮಿಬ್ಬರನ್ನೂ ಕರೆಸಿದರು. "ಹೇಗಾಯಿತು?" ನಾನು ಮೇಜನ್ನೇ ನೋಡುತ್ತಿದ್ದೆ. ತುಂಬ ಹೊತ್ತಿನ ಮೇಲೆ ದಾದಾ ಅಂದರು: "ವೈರಿಂಗ್ ಹಳೆಯದು ಸರ್. ನಾನು ಮೊದಲೇ ಬದಲಾಯಿಸಬೇಕಿತ್ತು."

ಮುಂದಿನ ತಿಂಗಳು ಅವರ ಗುತ್ತಿಗೆ ಮುಂದುವರಿಯಲಿಲ್ಲ. ಟ್ರ್ಯಾಕ್ಟರು ಗುಜರಿಗೆ ಹೋಯಿತು. ನಡೆದದ್ದನ್ನೆಲ್ಲ ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ, ಧಾರವಾಡದವಳು, ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ನಿಮ್ದು ಪರ್ಮನೆಂಟ್ ನೌಕರಿ. ಒಂದೀಟು ಬೈಸ್ಕೊಂಡು ಬರ್ತಿದ್ರಿ, ಅಷ್ಟ. ಅವ್ರಿಗೆ ಏನೈತ್ರೀ?"

ಜನವರಿಯಲ್ಲಿ ಸಿಯಾಲ್ದಾ ಸ್ಟೇಷನ್ನಿನಿಂದ ಲೋಕಲ್ ರೈಲು ಹಿಡಿದು ದಾದಾರ ಮನೆಗೆ ಹೋದೆ. ಕಪ್ಪು ಕನ್ನಡಕ ಹಾಕಿದ್ದ ಅವರ ಹೆಂಡತಿ ತಡವರಿಸುತ್ತಾ ಚಹಾ ತಂದಿಟ್ಟರು.

"ದಾದಾ, ಆವತ್ತು ವೈರು..."

"ಗೊತ್ತು. ಮೈನಸ್ ವೈರಿನ ಸಣ್ಣ ಕ್ಲ್ಯಾಂಪನ್ನು ಬಡಿದು ಅಗಲ ಮಾಡಿದ್ದಿರಿ. ಅಷ್ಟು ದಪ್ಪ ಇರೋದು ಬ್ಯಾಟರಿಯ ಪ್ಲಸ್ ಕಂಬ ಮಾತ್ರ."

"ಮತ್ತೆ ಯಾಕೆ ಹೇಳಲಿಲ್ಲ?"

"ನೀವು ಹೇಳ್ತೀರಿ ಅಂತ ಕಾದೆ."

ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚಹಾ ಕುಡಿಯುವುದು ಸುಲಭವಾಗುತ್ತಿತ್ತು.

ಸೋಮವಾರ ಆಫೀಸರಿಗೆ ಎಲ್ಲ ಹೇಳಿದೆ. "ಟ್ರ್ಯಾಕ್ಟರೇ ಇಲ್ಲ, ಈಗೇಕೆ ಆ ವಿಷಯ?" ಎಂದು ಬೇರೆ ಫೈಲು ಎಳೆದುಕೊಂಡರು. ದಾದಾರ ಜಾಗಕ್ಕೆ ಇವತ್ತಿಗೂ ಯಾರನ್ನೂ ತೆಗೆದುಕೊಂಡಿಲ್ಲ.