ಎಣ್ಣೆ ಹಚ್ಚಿದ ಗಿಟಾರು

ಮಮತಾಗೆ ಹೇಸಿಗೆ ಬಲು ಬೇಗ ಹುಟ್ಟುತ್ತಿತ್ತು. ಬಸ್ಸಿನ ಸೀಟಿಗೆ ಯಾರೋ ಎಲೆಯಡಿಕೆಯ ಸುಣ್ಣ ಒರೆಸಿದ್ದು ಕಂಡರೆ ಸಾಕು, ಊರಿಂದ ಮಡಕಶಿರದವರೆಗೂ ನಿಂತೇ ಹೋಗುವಳು. ಅಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಅವಳ ಟೈಲರಿಂಗ್ ಅಂಗಡಿ. ಬೆವರಿಕೊಂಡು ಬಂದವರ ಅಳತೆ ತೆಗೆಯುವಾಗ ಟೇಪಿನ ತುದಿಯನ್ನು ಎರಡೇ ಬೆರಳಲ್ಲಿ ಹಿಡಿಯುವಳು, ಸತ್ತ ಇಲಿಯ ಬಾಲ ಹಿಡಿದ ಹಾಗೆ. ಗಂಡ ಶ್ರೀನಿವಾಸ್ ನಗುತ್ತಿದ್ದ: "ನಿನ್ನ ಕಟ್ಕಂಡ್ ಮೇಲೆ ನಾನು ಬೆಳಿಗ್ಗೆ ಸಂಜೆ ಎರಡೂ ಹೊತ್ತು ನೀರು ಹುಯ್ಕಳದು ಕಲ್ತೆ ಕಣೆ."

ಅವಳು ಅಕ್ಕರೆಯಿಂದ ಮುಟ್ಟುತ್ತಿದ್ದದ್ದು ಗಿಟಾರು ಒಂದನ್ನೇ. ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಆಸ್ಪತ್ರೆಯ ನರ್ಸ್ ವರ್ಗವಾಗಿ ಹೋಗುವಾಗ ಲಗೇಜಿಗೆ ಹಿಡಿಸದೆ ಕೊಟ್ಟು ಹೋದದ್ದು ಅದು. ಫೋನು ನೋಡಿಕೊಂಡು, ತಪ್ಪಿ, ಮತ್ತೆ ನೋಡಿ, ಮಮತಾ ತಾನೇ ಕಲಿತಳು. ಆದರೆ ಬಾಗಿಲು ಹಾಕಿಕೊಂಡು ಒಬ್ಬಳೇ ನುಡಿಸಿ ಎಷ್ಟು ದಿನ? ಪಕ್ಕದಲ್ಲಿ ಕೂತು ಜೊತೆಗೆ ನುಡಿಸುವವರು ಒಬ್ಬರು ಬೇಕು ಅನ್ನಿಸಿತು. ಆ ಆಸೆ ಹತ್ತಿದ ಮೇಲೆ ಬಿಡಲಿಲ್ಲ. ಜೊತೆಯಲ್ಲಿ ಓದಿದ ಗೆಳತಿಯರಿಬ್ಬರನ್ನು ಭಾನುವಾರ ಮಧ್ಯಾಹ್ನ ಬರಲು ಹೇಳಿದಳು. ಒಬ್ಬಳು ಫ್ಯಾನ್ಸಿ ಸ್ಟೋರ್ ಇಟ್ಟಿರುವ ರಾಧಾ. ಇನ್ನೊಬ್ಬಳು ರೇಷ್ಮೆ ಹುಳ ಸಾಕುವ ಆದಿಲಕ್ಷ್ಮಿ.

ಮೊದಲ ದಿನವೇ ಮಮತಾಗೆ ಸಾಕಾಯಿತು. ರಾಧಾ ಮೆಣಸಿನಕಾಯಿ ಬಜ್ಜಿ ತಿನ್ನುತ್ತ ಬಂದು, ಕಾಗದಕ್ಕೆ ಬೆರಳು ಒರೆಸಿ, ಸೀದಾ ಗಿಟಾರಿಗೆ ಕೈ ಹಾಕಿದಳು.

"ಏಯ್, ತೊಳ್ಕಳೆ ಮೊದ್ಲು! ಆ ಉಗುರೂ ಕತ್ತರಿಸು, ತಂತಿ ಒತ್ತಕಾಗಲ್ಲ."

"ಉಗುರು ಕತ್ತರಿಸಬೇಕಾ? ಅಮ್ಮೋ, ಇದನ್ನ ಬೆಳೆಸಕೆ ಎಷ್ಟು ಕಷ್ಟ ಪಟ್ಟಿದೀನಿ ಗೊತ್ತಾ! ನೀನು ಪಾಠ ಹೇಳು, ಕ್ಷೌರ ಆಮೇಲೆ."

ಕೊನೆಗೆ ಎಡಗೈ ಉಗುರು ಮಾತ್ರ ಕತ್ತರಿಸಿಕೊಂಡಳು. ಚುರುಕಿನವಳು, ತೋರಿಸಿದ್ದನ್ನು ತಟಕ್ಕನೆ ಹಿಡಿದಳು. ಆದಿಲಕ್ಷ್ಮಿ ಹಾಗಲ್ಲ. ಹಿಪ್ಪುನೇರಳೆ ರೆಂಬೆ ಕಡಿದೂ ಕಡಿದೂ ಅವಳ ಬೆರಳ ತುದಿ ಬಿರಿದಿತ್ತು. ತಂತಿ ಒತ್ತಿದರೆ ಆ ಸೀಳಿನಲ್ಲೇ ಹೋಗಿ ಕೂರುವುದು. ನಾದ ಬರುವ ಜಾಗದಲ್ಲಿ ಒದ್ದೆ ಬಟ್ಟೆ ಒಗೆದ ಹಾಗೆ ಟಪ್ ಅನ್ನುವುದು. ಸಾಲದ್ದಕ್ಕೆ ಅವಳ ಕೈಯಲ್ಲಿ ಹುಳದ ಮನೆಯ ವಾಸನೆ: ಬಾಡಿದ ಸೊಪ್ಪು, ಹುಳದ ಹಿಕ್ಕೆ, ಬ್ಲೀಚಿಂಗ್ ಪೌಡರು ಎಲ್ಲ ಸೇರಿದ್ದು. ಬೆರಳು ಹಿಡಿದು ತಂತಿಯ ಮೇಲೆ ಕೂರಿಸುವಾಗೆಲ್ಲ ಮಮತಾ ಉಸಿರು ಬಿಗಿಹಿಡಿಯುತ್ತಿದ್ದಳು. ಆಮೇಲೆ ಬೆರಳು ಹಿಡಿಯುವುದನ್ನೇ ಬಿಟ್ಟಳು. ರಾಧಾಗೆ ಒಂದರ ಮೇಲೊಂದು ಹೊಸ ಪಾಠ ಕೊಡುತ್ತ ಹೋದಳು. ಆದಿಲಕ್ಷ್ಮಿ ಮೊದಲನೆಯದರಲ್ಲೇ ಉಳಿದಳು.

"ನಾನು ಮನೇಗೆ ತಗಂಡ್ ಹೋಗಿ ಸಾಧನೆ ಮಾಡ್ಲಾ?" ಅಂತ ಒಂದು ಭಾನುವಾರ ಅವಳೇ ಕೇಳಿದಳು. ಮಮತಾಗೆ ಇಷ್ಟವಿರಲಿಲ್ಲ. ಇಲ್ಲ ಅನ್ನಲು ಬಾಯಿ ಬರದೆ ಕೊಟ್ಟಳು.

ಮುಂದಿನ ಭಾನುವಾರ ಆದಿಲಕ್ಷ್ಮಿ ಗಿಟಾರನ್ನು ಹೊಸ ಟವೆಲಿನಲ್ಲಿ ಸುತ್ತಿ, ಕೂಸನ್ನು ಎತ್ತಿಕೊಂಡ ಹಾಗೆ ತಂದಳು. ಮುಖ ಅರಳಿತ್ತು. ಮಮತಾ ಟವೆಲು ಬಿಚ್ಚಿದಳು. ಕಮಟು ನಾತ ಮೂಗಿಗೆ ಬಡಿಯಿತು. ಮರ, ತಂತಿ, ಹಿತ್ತಾಳೆ ಪಟ್ಟಿ ಎಲ್ಲಕ್ಕೂ ಕಡಲೆಕಾಯಿ ಎಣ್ಣೆ ಬಳಿದಿತ್ತು. ಅದರ ಮೇಲೆ ಅಂಗಳದ ಧೂಳು, ಎರಡು ನೊಣ.

"ಇದೇನೇ ಇದು?"

"ಮರ ಒಣಗಿತ್ತು ಕಣೆ. ನಮ್ಮ ಕೂರಿಗೆಗೆ, ಬಾಗ್ಲಿಗೆ ಎಲ್ಲ ನಮ್ಮತ್ತೆ ಎಣ್ಣೆ ಉಜ್ಜಿಸ್ತಾರಲ್ಲ, ಹಂಗೇ ಉಜ್ಜಿದೆ. ನೋಡು, ಹೆಂಗೆ ಮಿಂಚ್ತದೆ!"

ಮಮತಾ ಒಂದು ತಂತಿ ಮೀಟಿದಳು. ಗಂಟಲು ಕಟ್ಟಿದವರು ಕೆಮ್ಮಿದ ಹಾಗಾಯಿತು. ಬೆರಳಿಗೆ ಕರೀ ಜಿಡ್ಡು ಮೆತ್ತಿಕೊಂಡಿತು. ಅವಳಿಗೆ ಮೈಯೆಲ್ಲ ಮುಳ್ಳೆದ್ದಿತು.

"ಥೂ! ಹುಳ ಎತ್ತೋ ಕೈಗೆ ಗಿಟಾರು ಕೊಟ್ಟೆನಲ್ಲ, ನನ್ನ ಬುದ್ಧಿಗಿಷ್ಟು! ಗಬ್ಬು ಗಬ್ಬು! ನಿನ್ನ ಕೈ ನೋಡಿದ್ರೆ ವಾಂತಿ ಬರ್ತದೆ, ಹೋಗೇ ಆಚೆ!"

ರಾಧಾ ಕಿಸಕ್ಕನೆ ನಕ್ಕಳು. ಆದಿಲಕ್ಷ್ಮಿ ಅಂಗೈ ಎರಡನ್ನೂ ಸೀರೆಗೆ ಒರೆಸಿಕೊಂಡು, ಟವೆಲು ಮಡಿಸಿಕೊಂಡು ಹೋದಳು.

ಗಿಟಾರಿನ ಜಿಡ್ಡು ತೆಗೆಯಲು ವಾರ ಹಿಡಿಯಿತು. ಹೊಸ ತಂತಿ ಹಿಂದೂಪುರದಲ್ಲೂ ಸಿಗದೆ, ಬೆಂಗಳೂರು ಬಸ್ಸಿನ ಕಂಡಕ್ಟರ್ ಕೈಲಿ ತರಿಸಿದಳು. ಆ ವಾರದಲ್ಲೇ ಅವಳ ಫೋನಿಗೆ ಒಂದು ವಿಡಿಯೋ ಬಂತು. ರಾಧಾ ಅವತ್ತು ಎಲ್ಲವನ್ನೂ ಫೋನಿನಲ್ಲಿ ಹಿಡಿದಿದ್ದಳು. ಹಿಡಿದು, ಸ್ಕೂಲಿನಲ್ಲಿ ಜೊತೆಗಿದ್ದವರ ಗ್ರೂಪಿಗೆ 'ಟೀಚರಮ್ಮನ ಪಾಠ' ಅಂತ ಹೆಸರಿಟ್ಟು ಹಾಕಿದ್ದಳು. ಕೆಳಗೆ ಸಾಲುಸಾಲು ನಗು.

ಮಮತಾ ಮೊದಲು ರಾಧಾಳ ಮೇಲೆ ಉರಿದಳು. ಆಮೇಲೆ ವಿಡಿಯೋದೊಳಗಿನ ತನ್ನ ಮುಖವನ್ನೇ ನೋಡಿದಳು. ಮೇಲೆದ್ದ ಮೂಗು, ಸೊಟ್ಟ ತುಟಿ, ಹಾರಿದ ಎಂಜಲು. ಅನ್ನದಲ್ಲಿ ಕೂದಲು ಸಿಕ್ಕ ಹಾಗಾಯಿತು. ಇಷ್ಟು ಅಸಹ್ಯದ್ದನ್ನು ಅವಳು ಯಾವ ಬಸ್ಸಿನ ಸೀಟಿನಲ್ಲೂ ಕಂಡಿರಲಿಲ್ಲ.

ಎರಡು ಭಾನುವಾರ ಆದಿಲಕ್ಷ್ಮಿ ಬರಲಿಲ್ಲ. ಮಮತಾನೇ ಹೋದಳು. ಹುಳದ ಮನೆಯ ಬಾಗಿಲಲ್ಲಿ ಆದಿಲಕ್ಷ್ಮಿಯ ಅತ್ತೆ ನರಸಮ್ಮ ಕೂತಿದ್ದಳು.

"ಓಹೋ, ಬಾರಮ್ಮ ತಾಯಿ. ನಮ್ಮ ಗಬ್ಬು ನೋಡಕೆ ಬಂದ್ಯಾ? ಕಾಲು ಅದ್ದಿ ಹೋಗು, ನಿನ್ನ ಪೌಡರ್ ವಾಸ್ನೆ ನಮ್ಮ ಹುಳಕ್ಕೆ ಆಗಲ್ಲ."

ಮಮತಾ ಬ್ಲೀಚಿಂಗ್ ನೀರಿಗೆ ಕಾಲಿಟ್ಟು, ಮುಖವನ್ನೂ ತೊಳೆದುಕೊಂಡು ಒಳಗೆ ಹೋದಳು. ಅಂತಸ್ತು ಅಂತಸ್ತಾಗಿ ಕಟ್ಟಿದ ಸ್ಟ್ಯಾಂಡಿನ ತುಂಬ ಬಿಳಿ ಹುಳ. ಮಮತಾ ಸೆರಗನ್ನು ಮೂಗಿಗೆ ಒಯ್ದವಳು ಅರ್ಧದಲ್ಲೇ ಬಿಟ್ಟಳು. ಆದಿಲಕ್ಷ್ಮಿ ಒಮ್ಮೆ ತಿರುಗಿ ನೋಡಿ ಮತ್ತೆ ಹುಳದ ಕಡೆಗೆ ಬಗ್ಗಿದಳು. ಸುಮ್ಮನೆ ನಿಲ್ಲಲಾರದೆ ಮಮತಾ ಅಲ್ಲೇ ಇದ್ದ ಸೊಪ್ಪಿನ ರೆಂಬೆ ಎತ್ತಿ, ತಲೆಯಾಡಿಸುತ್ತ ಹಸಿದು ಹರಿದಾಡುತ್ತಿದ್ದ ಹುಳಗಳ ಮೇಲೆ ಇಡಲು ಹೋದಳು.

"ಹಾಕ್ಬೇಡ್ವೇ!" ಆದಿಲಕ್ಷ್ಮಿ ಕೈ ಹಿಡಿದುಕೊಂಡಳು. "ಇನ್ನೂ ಅರ್ಧ ಹುಳ ಜ್ವರದಾಗವೆ."

ಹುಳ ಪೊರೆ ಬಿಡುವಾಗ ಮೇವು ಬಿಟ್ಟು, ತಲೆಯೆತ್ತಿ ಕದಲದೆ ಕೂರುವುದಕ್ಕೆ ಇಲ್ಲಿ ಜ್ವರ ಅಂತಾರೆ.

"ಇವು ಎದ್ದವಲ್ಲೇ, ಹಸ್ಕಂಡವೆ."

"ಎದ್ದವು ಕಾಯ್ಲಿ. ಇವಕ್ಕೆ ಮುಂಚೆ ಹಾಕಿದ್ರೆ ಇವು ದಪ್ಪ ಆಗ್ತವೆ. ಅವು ಸೊಪ್ಪಿನಡಿ ಸಿಕ್ಕಂಡು ಕೊಳೀತವೆ. ಒಂದೇ ಮನೇಲಿ ಎರಡು ಥರ ಹುಳ ಆದ್ರೆ ಬೆಳೆ ಕೆಟ್ಟಂಗೆ."

ಮಮತಾ ರೆಂಬೆ ಕೆಳಗಿಟ್ಟಳು. ಬೇಗ ಎದ್ದವಳಿಗೆ ಮೇವಿನ ಮೇಲೆ ಮೇವು ಹಾಕಿ, ಕೂತವಳನ್ನು ಅಡಿಗೆ ಹಾಕಿದವಳು ತಾನೇ ಅಂತ ಅವಳಿಗೆ ಗೊತ್ತಾಯಿತು.

"ನಾನಂದಿದ್ದು ತಪ್ಪು ಕಣೆ."

"ಎಣ್ಣೆ ಹಚ್ಚಿದ್ದು ನಂದೂ ತಪ್ಪೇ. ಅದಕ್ಕೆ ನೀನು ಬೈದೆ, ಬಯ್ಯಿ, ಸರಿ. ಆದ್ರೆ ಕೈ ನೋಡಿದ್ರೆ ವಾಂತಿ ಬರ್ತದೆ ಅಂದ್ಯಲ್ಲ." ಆದಿಲಕ್ಷ್ಮಿ ಹುಳದ ಮೇಲೆ ಸುಣ್ಣದ ಪುಡಿ ಉದುರಿಸುತ್ತಲೇ ಇದ್ದಳು. "ಬರ್ತದಾ?"

ಸುಳ್ಳು ಹೇಳಿದರೆ ಗೊತ್ತಾಗುವಷ್ಟು ಹಳೆಯ ಗೆಳೆತನ. "ವಾಸ್ನೆ ಬರ್ತದೆ ಕಣೆ," ಅಂದಳು ಮಮತಾ. "ಆದ್ರೂ ನೀನು ಬೇಕು."

ಆದಿಲಕ್ಷ್ಮಿ ಪುಡಿಯ ಡಬ್ಬ ಕೆಳಗಿಟ್ಟು, "ನಾನು ನಿನ್ ಮನೆ ಜಗಲಿ ಹತ್ತಲ್ಲ. ಗೂಡು ಬಿಡಿಸಿದ್ ಮೇಲೆ ನೀನೇ ಬೇಕಾದ್ರೆ ಇಲ್ಲಿಗೆ ಬಾ," ಅಂದಳು.

ಗೂಡು ಮಾರಾಟವಾದ ಮೇಲೆ ಮಮತಾ ಗಿಟಾರು ಹೊತ್ತು ಹೋದಳು. ಹುಳದ ಮನೆಯ ಮುಂದೆ ಬಿದ್ದಿದ್ದ ಮರದ ತೊಲೆಯ ಮೇಲೆ ಕೂತು ಪಾಠ. ನಾಲ್ಕು ಮಾರು ದೂರದಲ್ಲಿ ಹಿಕ್ಕೆ, ಕಡ್ಡಿ, ಕೊಳೆತ ಸೊಪ್ಪಿನ ತಿಪ್ಪೆ ಬಿಸಿಲಿಗೆ ಹೊಗೆಯಾಡುತ್ತಿತ್ತು. ರಾಧಾ ಒಮ್ಮೆ ಬಂದು, ಸೆರಗಿನಿಂದ ಮೂಗು ಮುಚ್ಚಿ, "ಛೀ ಪಾಡು, ಇಲ್ಲಿ ಸಂಗೀತವಾ!" ಅಂತ ಫೋನು ಎತ್ತಿದಳು. "ಅದನ್ನ ಒಳಗಿಟ್ಟು ಕೂತ್ರೆ ಕೂರು," ಅಂದಳು ಮಮತಾ. ರಾಧಾ ಕೂರಲಿಲ್ಲ.

ಎರಡೇ ಬೆರಳಿನ ಪಾಠ ಅದು, ಇ ಮೈನರ್ ಅನ್ನುವ ಸ್ವರಮೇಳ. ಆರೂ ತಂತಿ ಒಟ್ಟಿಗೆ ನುಡಿಯಬೇಕು. ಆದಿಲಕ್ಷ್ಮಿ ಮೇಲಿಂದ ಕೆಳಗೆ ಎಳೆದಳು. ಐದು ನುಡಿದವು, ಕೆಳಗಿಂದ ಮೂರನೆಯದು ಟಪ್ ಅಂದಿತು. ಯಾವ ಬೆರಳು ವಾಲಿ ಅದನ್ನು ಮುಟ್ಟುತ್ತಿದೆ ಅಂತ ಮಮತಾ ಬಲ್ಲಳು. ಮಾತು ನಾಲಿಗೆಗೆ ಬಂದಿತ್ತು, ನುಂಗಿದಳು. ಗಾಳಿ ತಿಪ್ಪೆಯ ಕಡೆಯಿಂದ ತಿರುಗಿತು. ಆದಿಲಕ್ಷ್ಮಿ ಬಗ್ಗಿ, ಕಣ್ಣು ಕಿರಿದು ಮಾಡಿ ತನ್ನ ಬೆರಳನ್ನೇ ನೋಡಿ, ಕೂದಲೆಳೆಯಷ್ಟು ಸರಿಸಿದಳು.

"ಈಗ?"

"ಇನ್ನೊಂದ್ಸಲ ಎಳಿ," ಅಂದಳು ಮಮತಾ, ಬಾಯಲ್ಲಿ ಉಸಿರಾಡುತ್ತ.