ಮೇಲಿನ ಮೆಟ್ಟಿಲು

ಕೋಲಾರ ಸೀಮೆಯವರಾದ ನಮಗೆ ನೀರೆಂದರೆ ಕೆರೆ. ಮಳೆ ಬಂದರೆ ಏರುತ್ತದೆ, ಬಿಸಿಲಿಗೆ ಇಳಿಯುತ್ತದೆ. ಅಷ್ಟಕ್ಕೇ ಅದಕ್ಕೊಂದು ವರ್ಷ ಬೇಕು. ದಿನಕ್ಕೆರಡು ಸಲ ಬಂದು ಹೋಗುವ ನೀರೂ ಇದೆಯೆಂದು ನನಗೆ ತಿಳಿದದ್ದು ಮದುವೆಯಾದ ಮೇಲೆ.

ಮಾಲೂರಿನ ಹಂಚಿನ ಕಾರ್ಖಾನೆಯಲ್ಲಿ ನಾನು ಗುಮಾಸ್ತ. ಕುಂದಾಪುರದ ಕಡೆಯಿಂದ ಅಲ್ಲಿಗೆ ಬಂದಿದ್ದ ಮೇಸ್ತ್ರಿಯ ಮಗಳು ಗಿರಿಜೆ ನನ್ನ ಹೆಂಡತಿಯಾಗಿ ನಮ್ಮೂರು ದೇವರಾಯಸಮುದ್ರಕ್ಕೆ ಬಂದಳು. ಬಂದ ವಾರದಲ್ಲೇ ಊರಿಗೆ ನಗಲು ಒಂದು ವಿಷಯ ಸಿಕ್ಕಿತು. ಕೆರೆಯಲ್ಲಿ ತೊಳೆದ ಪಾತ್ರೆಗಳನ್ನು ಎಲ್ಲರೂ ನೀರಂಚಿನಲ್ಲೇ ಇಟ್ಟರೆ, ಇವಳು ಅಷ್ಟನ್ನೂ ಹೊತ್ತು ಮೇಲಿನ ಮೆಟ್ಟಿಲಲ್ಲಿ ಇಟ್ಟು ಬರುವಳು.

“ಅಷ್ಟು ಮ್ಯಾಲ್ಯಾಕಮ್ಮ ಇಡ್ತೀಯ?” ಎಂದಳು ನನ್ನಮ್ಮ.

“ನೀರು ಏರಿದ್ರೆ, ಅತ್ತೆ?”

“ಅಯ್ಯೋ, ಈ ಕೆರೆ ಎಲ್ಲಿಗೂ ಹೋಗಲ್ಲ, ಎಲ್ಲಿಂದ್ಲೂ ಬರಲ್ಲ ಕಣಮ್ಮ!”

ಗಿರಿಜೆಯೂ ನಕ್ಕಳು. ಮರುದಿನ ಮತ್ತೆ ಮೇಲಿನ ಮೆಟ್ಟಿಲು. ಕೈಗೆ ಹತ್ತಿದ ಅಭ್ಯಾಸ ಮಾತಿಗೆ ಬಗ್ಗುತ್ತದೆಯೇ?

ಸಂಜೆ ಅವಳು ತನ್ನೂರಿನ ಅಳಿವೆಯ ಸುದ್ದಿ ಹೇಳುವಳು. ಹೊಳೆ ಕಡಲಿಗೆ ಸೇರುವ ಆ ಜಾಗದಲ್ಲಿ ಉಬ್ಬರ ಇಳಿದೊಡನೆ ಏಡಿಗಳು ಬಿಲದಿಂದ ಹೊರಬರುತ್ತವಂತೆ. ಕೆಸರಿನ ಮೇಲೆ ಮೀನು ನಡೆಯುತ್ತದಂತೆ! ಬಯಲುಸೀಮೆಯ ಗಂಡನಿಗೆ ಏನು ಹೇಳಿದರೂ ನಡೆಯುತ್ತದೆ ಎಂದುಕೊಂಡೆ. ಆದರೆ ಹೇಳುತ್ತ ಹೇಳುತ್ತ ಅವಳ ದನಿ ಇಳಿದುಹೋಗುತ್ತಿತ್ತು. ಬೇಸಿಗೆಗೆ ಅಜ್ಜಿಯ ಮನೆಗೆ ಹೋದವಳು ಒಂದು ತಿಂಗಳೆಂದದ್ದು ಮೂರಾಯಿತು. ಇನ್ನು ಬರುವುದಿಲ್ಲವೇನೋ ಎಂದು ನನಗೆ ಅನ್ನವೇ ಸೇರಲಿಲ್ಲ.

ಯುದ್ಧದ ಕಾಲ. ಪೆಟ್ರೋಲಿಲ್ಲದೆ ಇದ್ದಿಲು ಉರಿಸಿ ಓಡಿಸುವ ಬಸ್ಸಿನಲ್ಲಿ ಕೆಮ್ಮುತ್ತ ಘಟ್ಟ ಇಳಿದೆ. ಗಿರಿಜೆ ಮೊದಲು ಅಳಿವೆಗೇ ಕರೆದೊಯ್ದಳು. ಮೀನು ನಿಜಕ್ಕೂ ನಡೆಯುತ್ತಿತ್ತು! ಹೆಬ್ಬೆರಳಿನಷ್ಟು ಪ್ರಾಣಿ, ಕಣ್ಣುಗಳನ್ನು ನೆತ್ತಿಯ ಮೇಲಿಟ್ಟುಕೊಂಡು, ಹೆಣ್ಣಿನ ಕಡೆಯ ಹಿರಿಯರು ವರನನ್ನು ನೋಡುವಂತೆ ನನ್ನನ್ನು ನೋಡಿತು. ಹೊಸ ಚಪ್ಪಲಿಯನ್ನು ನಮ್ಮೂರ ಪದ್ಧತಿಯಂತೆ ನೀರಂಚಿನಲ್ಲಿ ಬಿಟ್ಟು ಆ ಮೀನಿನ ಹಿಂದೆಯೇ ಹೋದೆ. ತಿರುಗಿ ನೋಡಿದರೆ ಉಬ್ಬರ ಬಂದಿತ್ತು, ಚಪ್ಪಲಿ ಹೋಗಿತ್ತು.

ಗಿರಿಜೆ ನಕ್ಕು ನಕ್ಕು ಕೆಸರಲ್ಲೇ ಕುಳಿತಳು. ಆ ನಗು ಕೇಳಿ ಎಷ್ಟು ತಿಂಗಳಾಗಿತ್ತು! ಬರಿಗಾಲಲ್ಲಿ ನಿಂತೇ ಕೇಳಿದೆ: “ಬರ್ತೀಯಾ?”

“ಚಪ್ಪಲಿಯೂ ಇಲ್ದವ್ರನ್ನ ಒಬ್ರನ್ನೇ ಕಳ್ಸೂದು ಹ್ಯಾಂಗೆ ಮಾರಾಯ್ರೆ?”

ಬಂದಳು. ಮರುವರ್ಷ ಅವಳು ತುಂಬು ಬಸುರಿಯಾದಾಗ ಪಾತ್ರೆಯ ಕೆಲಸ ಅಮ್ಮನಿಗೆ ಬಂತು. ಒಂದು ಬೆಳಿಗ್ಗೆ ನೋಡುತ್ತೇನೆ, ಅಮ್ಮ ಮಂಡಿನೋವಿನ ಕಾಲೆಳೆಯುತ್ತ ಪಾತ್ರೆಗಳನ್ನು ಮೇಲಿನ ಮೆಟ್ಟಿಲಿಗೆ ಹೊರುತ್ತಿದ್ದಾಳೆ.

“ಅಷ್ಟು ಮೇಲ್ಯಾಕಮ್ಮ?” ಎಂದೆ.

“ಸುಮ್ನಿರೋ,” ಎಂದಳು. “ನೀರು ಏರಿದ್ರೆ?”